ಬೆಳಗಾವಿ, ಬಾಗಲಕೋಟೆ, ವಿಜಯಪುರ: ಜನರ ಹೃದಯಾರೋಗ್ಯದ ಏರಿಳಿತವನ್ನು ಲೆಕ್ಕ ಹಾಕುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತಾಲೂಕು ಮಟ್ಟದ ಆರೋಗ್ಯ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಪತ್ರಕರ್ತರು ಹಾಗೂ ವೈದ್ಯಕೀಯ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತಂದು ಉತ್ತರಿಸಲಾಗಿದೆ. ಒಬ್ಬ ರೋಗಿಗೆ ಏನು ಚಿಕಿತ್ಸೆ ಕೊಡಬೇಕೆಂಬುದು ಇಲ್ಲಿನ ವಿಷಯವಲ್ಲ. ಒಂದು ಪ್ರದೇಶದ ಜನರ ಹೃದಯಾರೋಗ್ಯ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದನ್ನು ತಿಳಿಯುವ ಬಗೆ ಯಾವುದು, ಆ ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಈಚೆಗೆ ಹೃದಯಾಘಾತಗಳು ವಿಪರೀತ ಹೆಚ್ಚಾಗಿವೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ?

ಇರಬಹುದು. ಆದರೆ 'ಹೆಚ್ಚಾಗಿವೆ' ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ರೋಗವೇ ಹೆಚ್ಚಿರಬಹುದು, ರೋಗ ಬರುವ ವಯಸ್ಸಿನ ಜನ ಹೆಚ್ಚಿರಬಹುದು, ಇಲ್ಲವೇ ಮೊದಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದದ್ದು ಈಗ ಇಸಿಜಿ ಕಾಗದದ ಮೇಲೆ, ಸಿಸಿ ಕ್ಯಾಮೆರಾದಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತಿರಬಹುದು. ಮೂರನ್ನೂ ಬಿಡಿಸದೆ ಕೊಟ್ಟ ಉತ್ತರ ಊಹೆಯಾಗಿಯೇ ಉಳಿಯುತ್ತದೆ.

ಭಾರತದಲ್ಲಿ 1990ರಲ್ಲಿ ಸಂಭವಿಸಿದ ಸಾವುಗಳಲ್ಲಿ ಶೇ. 15.2ರಷ್ಟಕ್ಕೆ ಹೃದಯ ಮತ್ತು ರಕ್ತನಾಳಗಳ ರೋಗ ಕಾರಣವಾಗಿತ್ತು. 2016ರ ಹೊತ್ತಿಗೆ ಆ ಪಾಲು ಶೇ. 28.1 ಆಯಿತು ಎಂದು ಜಾಗತಿಕ ರೋಗಹೊರೆಯ ಅಧ್ಯಯನ ಅಂದಾಜಿಸಿದೆ. ಈ ಅಂಕಿಯನ್ನು ಭಾಷಣಗಳಲ್ಲಿ 'ಹೃದ್ರೋಗ ದುಪ್ಪಟ್ಟಾಯಿತು' ಎಂದು ಓದಿಬಿಡುತ್ತಾರೆ. ಅದು ತಪ್ಪು ಓದು. ಇದು ಒಟ್ಟು ಸಾವುಗಳಲ್ಲಿನ ಪಾಲು, ದರವಲ್ಲ; ಅಂದರೆ ಇಷ್ಟು ಜನರಲ್ಲಿ ಇಷ್ಟು ಸಾವು ಎಂಬ ಲೆಕ್ಕವಲ್ಲ. ಕೂಸುಗಳು ವಾಂತಿಭೇದಿಯಿಂದ, ದಡಾರದಿಂದ ಸಾಯುವುದು ಕಡಿಮೆಯಾದರೆ ಉಳಿದ ಕಾರಣಗಳ ಪಾಲು ತಾನೇ ಹಿಗ್ಗುತ್ತದೆ. ತಟ್ಟೆಯಲ್ಲಿ ಒಂದು ರೊಟ್ಟಿ ಕಡಿಮೆ ಬಿದ್ದರೆ ಪಲ್ಯದ ಪಾಲು ದೊಡ್ಡದಾಗಿ ಕಾಣುತ್ತದೆ. ಪಲ್ಯ ಮಾತ್ರ ಇದ್ದಷ್ಟೇ ಇರುತ್ತದೆ.

2025ರಲ್ಲಿ ಹಾಸನದಲ್ಲಿ ಆದ ಗಾಬರಿಯಿಂದ ನಾವು ಕಲಿಯಬೇಕಾದದ್ದೇನು?

ಆ ವರ್ಷದ ಮೇ ಕೊನೆಯಿಂದ ಜುಲೈ ಮೊದಲ ದಿನಗಳವರೆಗೆ ಹಾಸನ ಜಿಲ್ಲೆಯಿಂದ 20ಕ್ಕೂ ಹೆಚ್ಚು ಹೃದಯಾಘಾತದ ಸಾವುಗಳು ಸುದ್ದಿಯಾದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದದ್ದು ಜನರನ್ನು ಕಲಕಿದ್ದು ಸಹಜವೇ.

ಆದರೆ ಸುದ್ದಿಯಾದ ಸಾವುಗಳನ್ನು ಎಣಿಸುವುದೂ ಸಾವುಗಳನ್ನು ಎಣಿಸುವುದೂ ಒಂದೇ ಅಲ್ಲ. ನಮ್ಮ ವಿಜಯಪುರ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 21.77 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರು ಮಂದಿ ಸಾಯುತ್ತಾರೆ ಎಂದಿಟ್ಟುಕೊಂಡರೆ ಸುಮಾರು 13,000 ಸಾವುಗಳಾಗುತ್ತವೆ. ಮೇಲೆ ಹೇಳಿದ ಶೇ. 28ನ್ನು ಅದಕ್ಕೆ ಹಚ್ಚಿದರೆ, ಪಾರ್ಶ್ವವಾಯುವೂ ಸೇರಿದಂತೆ, ದಿನಕ್ಕೆ ಸುಮಾರು ಹತ್ತು ಸಾವು. ಇದು ಬೆರಳ ಮೇಲಿನ ಒರಟು ಲೆಕ್ಕ. ಆದರೂ ಯಾವ ಗದ್ದಲವೂ ಇಲ್ಲದ ವರ್ಷದಲ್ಲಿಯೂ ನಲವತ್ತು ದಿನಗಳಲ್ಲಿ ನಾನೂರರ ಹತ್ತಿರದ ಸಾವುಗಳು ಯಾವ ಪತ್ರಿಕೆಯಲ್ಲೂ ಬಾರದೆ ಸರಿದುಹೋಗುತ್ತವೆ ಎಂಬುದನ್ನು ತೋರಿಸಲು ಸಾಕು. ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಇದು: 45 ವರ್ಷದೊಳಗಿನವರ ಸಾವು ಕಳೆದ ಐದು ವರ್ಷಗಳ ಇದೇ ತಿಂಗಳುಗಳಲ್ಲಿ ಎಷ್ಟಿತ್ತು, ಈ ವರ್ಷ ಎಷ್ಟು? ಹಿಂದಿನ ವರ್ಷಗಳ ಲೆಕ್ಕ ಇಟ್ಟಿರದ ಜಿಲ್ಲೆಗೆ ಗಾಬರಿಪಡಲೂ ಆಧಾರವಿಲ್ಲ, ಸಮಾಧಾನಪಡಲೂ ಆಧಾರವಿಲ್ಲ.

ಹಾಗಾದರೆ ಅಳೆಯಬೇಕಾದದ್ದು ಯಾವುದನ್ನು?

ನಾಲ್ಕನ್ನು. ಜನರಲ್ಲಿ ರಕ್ತದೊತ್ತಡ, ತಂಬಾಕು, ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ ಎಷ್ಟಿವೆ ಎಂಬುದು ಮೊದಲನೆಯದು. ವರ್ಷಕ್ಕೆ ಎಷ್ಟು ಜನರಿಗೆ ಹೃದಯಾಘಾತವಾಗುತ್ತದೆ ಎಂಬುದು ಎರಡನೆಯದು. ಆದವರಲ್ಲಿ ಎಷ್ಟು ಜನ ಉಳಿಯುವುದಿಲ್ಲ ಎಂಬುದು ಮೂರನೆಯದು. ಒಟ್ಟು ಸಾವು ನಾಲ್ಕನೆಯದು. ನಾಲ್ಕನೆಯದು ಎರಡನೆಯ ಮತ್ತು ಮೂರನೆಯದರ ಗುಣಾಕಾರವಾದ್ದರಿಂದ, ಸಾವು ಇಳಿಯಿತು ಎಂದಷ್ಟೇ ತಿಳಿದರೆ ಆ ಶ್ರೇಯಸ್ಸು ಅಡುಗೆಮನೆಗೆ ಸಲ್ಲಬೇಕೋ ಐಸಿಯುಗೆ ಸಲ್ಲಬೇಕೋ ಗೊತ್ತಾಗುವುದಿಲ್ಲ.

ಇದನ್ನು ಯಾರಾದರೂ ನಿಜವಾಗಿ ಮಾಡಿ ತೋರಿಸಿದ್ದಾರೆಯೇ?

ಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮೋನಿಕಾ ಯೋಜನೆ ಈ ಕ್ಷೇತ್ರದ ಬಹು ದೊಡ್ಡ ಪ್ರಯತ್ನ. 1980ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ, 21 ದೇಶಗಳ 30ಕ್ಕೂ ಹೆಚ್ಚು ಜನಸಮುದಾಯಗಳಲ್ಲಿ, 35ರಿಂದ 64 ವರ್ಷದವರಿಗೆ ಆದ ಒಂದೊಂದು ಹೃದಯಾಘಾತವನ್ನೂ ಹುಡುಕಿ ಬರೆದುಕೊಂಡರು. ಆಸ್ಪತ್ರೆಯ ದಾಖಲೆಗಳನ್ನಷ್ಟೇ ನಂಬಲಿಲ್ಲ. ಮರಣಪತ್ರಗಳನ್ನೂ ತೆಗೆದು ನೋಡಿದರು, ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡವರನ್ನೂ ಲೆಕ್ಕಕ್ಕೆ ಸೇರಿಸಿದರು. ಎದೆನೋವು ಶುರುವಾದ ದಿನದಿಂದ 28 ದಿನಗಳೊಳಗೆ ಸತ್ತರೆ ಆ ಘಟನೆಯಿಂದಾದ ಸಾವು ಎಂದು ಎಲ್ಲ ಕೇಂದ್ರಗಳೂ ಒಂದೇ ಗೆರೆ ಎಳೆದುಕೊಂಡವು. ಆ ಯೋಜನೆಯ ಶಕ್ತಿಯೆಲ್ಲ ಇದ್ದದ್ದು ಎಲ್ಲರೂ ಒಂದೇ ಅಳತೆಗೋಲು ಹಿಡಿದ ಈ ಶಿಸ್ತಿನಲ್ಲಿ.

ಅವರಿಗೆ ಕಂಡದ್ದು ಎರಡು ಸಂಗತಿಗಳು. ಒಂದು, ಪ್ರದೇಶದಿಂದ ಪ್ರದೇಶಕ್ಕೆ ಇರುವ ಅಂತರ ಊಹೆಗೂ ಮೀರಿದ್ದು: ವರ್ಷಕ್ಕೆ ಲಕ್ಷ ಗಂಡಸರಲ್ಲಿ ಚೀನಾದ ಬೀಜಿಂಗ್‌ನಲ್ಲಿ 81 ಹೃದಯಾಘಾತಗಳಾದರೆ ಫಿನ್‌ಲ್ಯಾಂಡಿನ ಉತ್ತರ ಕರೇಲಿಯದಲ್ಲಿ 835. ಇನ್ನೊಂದು, ಸಾವು ಇಳಿದ ಪ್ರದೇಶಗಳಲ್ಲಿ ಆ ಇಳಿಕೆಯ ಸುಮಾರು ಮೂರನೇ ಎರಡು ಪಾಲು ಹೃದಯಾಘಾತಗಳೇ ಕಡಿಮೆಯಾದದ್ದರಿಂದ ಬಂದದ್ದು; ಉಳಿದ ಒಂದು ಪಾಲು ಆಘಾತವಾದವರು ಹೆಚ್ಚು ಬದುಕಿದ್ದರಿಂದ.

ಉತ್ತರ ಕರೇಲಿಯದ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಹಾಲು, ಬೆಣ್ಣೆ, ನಮ್ಮ ಬೀಡಿಯ ಜಾಗದಲ್ಲಿ ಸಿಗರೇಟು ಇದ್ದ ಆ ಒಕ್ಕಲು ಸೀಮೆಯಲ್ಲಿ 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಆಹಾರ, ತಂಬಾಕು, ರಕ್ತದೊತ್ತಡ ಮೂರನ್ನೂ ಹಿಡಿದು ಕೆಲಸ ಶುರುವಾಯಿತು. ಐದೈದು ವರ್ಷಕ್ಕೊಮ್ಮೆ ಅದೇ ರೀತಿಯ ಸಮೀಕ್ಷೆ ನಡೆಯಿತು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಭಾರತದ ಯಾವ ಪ್ರದೇಶವೂ ಮೋನಿಕಾದಲ್ಲಿರಲಿಲ್ಲ. ಹಾಗಾಗಿ ಆ ಕಾಲದ ನಮ್ಮ ಜಿಲ್ಲೆಗಳ ಸ್ಥಿತಿಯನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವ ಅವಕಾಶ ನಮಗೆ ಇಲ್ಲ.

ಒಂದು ತಾಲೂಕಿನಲ್ಲಿ ಲಕ್ಷಕ್ಕೆ 145 ಸಾವು, ಇನ್ನೊಂದರಲ್ಲಿ 221. ಎರಡನೆಯದು ಕೆಟ್ಟ ತಾಲೂಕು ತಾನೆ?

ವಯಸ್ಸನ್ನು ನೋಡದೆ ಹಾಗೆ ಹೇಳಲಾಗದು. ಒಂದು ಕಲ್ಪಿತ ಲೆಕ್ಕ ಮಾಡೋಣ. ಎರಡೂ ತಾಲೂಕುಗಳಲ್ಲಿ ಲಕ್ಷ ಲಕ್ಷ ಜನರಿದ್ದಾರೆ. ಎರಡರಲ್ಲೂ 60ರೊಳಗಿನವರಲ್ಲಿ ಹೃದ್ರೋಗದ ಸಾವು ಲಕ್ಷಕ್ಕೆ 50, 60 ದಾಟಿದವರಲ್ಲಿ ಲಕ್ಷಕ್ಕೆ 1,000. ಅಂದರೆ ಯಾವ ವಯಸ್ಸಿನವರನ್ನು ನೋಡಿದರೂ ಎರಡು ಕಡೆ ಅಪಾಯ ಒಂದೇ. ಮೊದಲ ತಾಲೂಕಿನಲ್ಲಿ 60 ದಾಟಿದವರು 10,000 ಇದ್ದರೆ ಸಾವುಗಳು 45ಕ್ಕೆ 100 ಕೂಡಿ 145. ಎರಡನೆಯ ತಾಲೂಕಿನ ಹುಡುಗರೆಲ್ಲ ದುಡಿಯಲು ಗೋವಾ, ಪುಣೆ, ಬೆಂಗಳೂರು ಸೇರಿ, ಊರಲ್ಲಿ ಉಳಿದವರಲ್ಲಿ 60 ದಾಟಿದವರು 18,000 ಆದರೆ ಸಾವುಗಳು 41ಕ್ಕೆ 180 ಕೂಡಿ 221. ಯಾರ ಹೃದಯವೂ ಕೆಟ್ಟಿಲ್ಲ. ಊರಿಗೆ ವಯಸ್ಸಾಗಿದೆ ಅಷ್ಟೇ.

ಈ ಕಾರಣಕ್ಕೆ ಪ್ರತಿ ವಯೋಮಾನದ ದರವನ್ನು ಬೇರೆ ಬೇರೆಯಾಗಿ ತೆಗೆದು, ಒಂದೇ ಮಾದರಿ ಜನಸಂಖ್ಯೆಗೆ ಹಚ್ಚಿ, ವಯಸ್ಸಿಗೆ ಸರಿಹೊಂದಿಸಿದ ದರವನ್ನು ಲೆಕ್ಕ ಹಾಕುತ್ತಾರೆ. ಜಿಲ್ಲೆಗಳನ್ನಾಗಲಿ ವರ್ಷಗಳನ್ನಾಗಲಿ ಹೋಲಿಸುವ ವರದಿಯಲ್ಲಿ 'ವಯಸ್ಸಿಗೆ ಸರಿಹೊಂದಿಸಲಾಗಿದೆ' ಎಂಬ ಮಾತು ಕಾಣದಿದ್ದರೆ ಅದನ್ನು ಅನುಮಾನದಿಂದಲೇ ಓದಬೇಕು. ಎಷ್ಟು ಹಾಸಿಗೆ ಬೇಕು, ಎಷ್ಟು ಆಂಬುಲೆನ್ಸ್ ಬೇಕು ಎಂದು ನಿರ್ಧರಿಸುವಾಗ ಮಾತ್ರ ಸರಿಹೊಂದಿಸದ ಕಚ್ಚಾ ಸಂಖ್ಯೆಯೇ ಬೇಕಾಗುತ್ತದೆ. ಮಾದರಿ ಜನಸಂಖ್ಯೆ ಆಸ್ಪತ್ರೆಗೆ ಬರುವುದಿಲ್ಲವಲ್ಲ.

ಸಾವಿನ ಕಾರಣವನ್ನು ಬರೆಯುವವರು ಯಾರು? ಅದನ್ನು ಎಷ್ಟು ನಂಬಬಹುದು?

ಜನನ ಮರಣ ನೋಂದಣಿಗೆ 1969ರ ಕಾಯ್ದೆ ಇದೆ. ಸಾವು ಆಸ್ಪತ್ರೆಯಲ್ಲಾದರೆ ವೈದ್ಯರು ನಮೂನೆ 4ನ್ನು ತುಂಬಬೇಕು. ಹೊರಗೆ ಆದರೆ, ಚಿಕಿತ್ಸೆ ನೀಡುತ್ತಿದ್ದ ವೈದ್ಯರು ನಮೂನೆ 4ಎ ತುಂಬಬೇಕು. ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಆದರೆ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರಿಂದ ಕಾರಣ ದೃಢಪಟ್ಟವು ಶೇ. 22.5 ಮಾತ್ರ.

ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವ ಒಬ್ಬರು 'ಎದಿ ಹಿಡಕೊಂಡಂಗ ಆಗೇತಿ' ಎನ್ನುತ್ತಾರೆ. ಮನೆಯವರು ಪಿತ್ತವೋ ಗ್ಯಾಸೋ ಎಂದುಕೊಂಡು ಸೋಡಾ ಕುಡಿಸುತ್ತಾರೆ. ಗಾಡಿ ಸಿಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 21 ದಿನದೊಳಗೆ ನೋಂದಣಿಯಾಗುತ್ತದೆ, ಕಾರಣದ ಜಾಗದಲ್ಲಿ 'ಸಹಜ ಸಾವು' ಎಂದೋ 'ವಯೋಸಹಜ' ಎಂದೋ ಬೀಳುತ್ತದೆ. ನನ್ನ ಅಜ್ಜನ ಮರಣಪತ್ರದಲ್ಲಿಯೂ ಹಾಗೆಯೇ ಇದೆ. ಆಗ ಅವರಿಗೆ 58 ವರ್ಷ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ವೈದ್ಯರು 'ಹೃದಯ ಸ್ತಂಭನ' ಎಂದಷ್ಟೇ ಬರೆದು ಸಹಿ ಹಾಕುತ್ತಾರೆ. ಹಾವು ಕಡಿದು ಸತ್ತರೂ ನ್ಯುಮೋನಿಯಾದಿಂದ ಸತ್ತರೂ ಕೊನೆಗೆ ಹೃದಯ ನಿಲ್ಲಲೇಬೇಕು. ಹಾಗಾಗಿ ಅದು ಸಾಯುವ ರೀತಿಯೇ ಹೊರತು ಸಾವಿನ ಕಾರಣವಲ್ಲ. ಅಂಥ ನಮೂನೆಗಳು ಹೃದ್ರೋಗದ ಲೆಕ್ಕಕ್ಕೆ ಬಂದು ಸೇರಿದರೆ ಒಂದು ಜಿಲ್ಲೆಯ ದರ ಸುಳ್ಳಾಗಿ ಏರುತ್ತದೆ. ನಮೂನೆಯಲ್ಲಿ ತಕ್ಷಣದ ಕಾರಣದ ಕೆಳಗೆ ಮೂಲ ಕಾರಣಕ್ಕೆ ಸಾಲುಗಳಿವೆ. ಲೆಕ್ಕಕ್ಕೆ ಬೇಕಾದದ್ದು ಆ ಕೆಳಗಿನ ಸಾಲು. ಖಾಲಿ ಬಿಡುವುದೂ ಅದನ್ನೇ. ಮನೆಯಲ್ಲಾದ ಸಾವುಗಳಿಗೆ, ತರಬೇತಿ ಪಡೆದವರು ಮನೆಯವರನ್ನು ನಿಗದಿತ ಪ್ರಶ್ನೆಗಳಿಂದ ವಿಚಾರಿಸಿ, ಆ ಉತ್ತರಗಳನ್ನು ವೈದ್ಯರು ಓದಿ ಕಾರಣ ಗುರುತಿಸುವ ಪದ್ಧತಿ ಇದೆ. ದೇಶದ ಸಾವುಗಳ ಕಾರಣಗಳನ್ನು ಕುರಿತ ಹತ್ತು ಲಕ್ಷ ಸಾವುಗಳ ಅಧ್ಯಯನ ನಿಂತಿದ್ದು ಈ ಪದ್ಧತಿಯ ಮೇಲೆಯೇ.

ಅಥಣಿಯವರು ಮಿರಜಕ್ಕೆ, ಇಂಡಿಯವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಅವರ ಲೆಕ್ಕ ಎಲ್ಲಿ ಸೇರುತ್ತದೆ?

ನನ್ನ ತಿಳಿವಳಿಕೆಯಲ್ಲಿ ಈ ಮೂರು ಜಿಲ್ಲೆಗಳ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ತೊಡಕು. ಇದನ್ನು ಕೇಳುವವರು ಮಾತ್ರ ಕಡಿಮೆ. ಸಾವಿನ ನೋಂದಣಿ ಸಾವು ಸಂಭವಿಸಿದ ಸ್ಥಳದಲ್ಲಿ ಆಗುತ್ತದೆ. ಅಥಣಿ, ಕಾಗವಾಡ, ಚಿಕ್ಕೋಡಿ ಭಾಗದ ರೋಗಿಗೆ ಬೆಳಗಾವಿಗಿಂತ ಮಿರಜ, ಸಾಂಗಲಿ ಹತ್ತಿರ. ನಿಪ್ಪಾಣಿಗೆ ಕೊಲ್ಹಾಪುರ ಹತ್ತಿರ. ಇಂಡಿ, ಚಡಚಣದವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ತೀರಿಕೊಂಡವರ ನೋಂದಣಿ ಮಹಾರಾಷ್ಟ್ರದಲ್ಲಿ ಆಗುತ್ತದೆ. ಜನಗಣತಿಯಲ್ಲಿ ಅವರು ಕರ್ನಾಟಕದವರು. ಭಾಗಾಕಾರದ ಮೇಲಿನ ಅಂಕಿ ಒಂದು ರಾಜ್ಯದಲ್ಲಿ, ಕೆಳಗಿನ ಅಂಕಿ ಇನ್ನೊಂದು ರಾಜ್ಯದಲ್ಲಿ. ಹೀಗಾದಾಗ ಗಡಿ ತಾಲೂಕುಗಳು ಕಾಗದದ ಮೇಲೆ ಆರೋಗ್ಯವಂತವಾಗಿ ಕಾಣುತ್ತವೆ.

ಬೆಳಗಾವಿ ನಗರಕ್ಕೆ ಇದರ ತದ್ವಿರುದ್ಧ ಆಗುತ್ತದೆ. ದೊಡ್ಡ ಆಸ್ಪತ್ರೆಗಳಿರುವುದರಿಂದ ಬೈಲಹೊಂಗಲ, ಗೋಕಾಕ, ಸವದತ್ತಿಯವರೂ ಗಡಿಯಾಚೆಯ ಚಂದಗಡದವರೂ ಇಲ್ಲಿಗೇ ಬರುತ್ತಾರೆ. ಅವರಲ್ಲಿ ತೀರಿಕೊಂಡವರೆಲ್ಲ ಬೆಳಗಾವಿ ನಗರದ ಸಾವುಗಳಾದರೆ, ಊರಿಗೆ ಒಳ್ಳೆಯ ಆಸ್ಪತ್ರೆ ಬಂದದ್ದೇ ಊರು ಕೆಟ್ಟದ್ದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಪರಿಹಾರವೇನೂ ಕ್ಲಿಷ್ಟವಲ್ಲ. ಮರಣ ವರದಿಯ ನಮೂನೆಯಲ್ಲಿ ಮೃತರು ವಾಸವಿದ್ದ ಊರಿನ ಕಾಲಂ ಇದೆ. ಅದನ್ನು ಸರಿಯಾಗಿ ತುಂಬಿ, ವಾಸಸ್ಥಳದ ಪ್ರಕಾರ ವಿಂಗಡಿಸಬೇಕು, ಗಡಿಯಾಚೆಯ ನೋಂದಣಿ ಕಚೇರಿಗಳಿಂದ ವರ್ಷಕ್ಕೊಮ್ಮೆಯಾದರೂ ಪಟ್ಟಿ ತರಿಸಿಕೊಳ್ಳಬೇಕು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ವರ್ಷದ ಆರು ತಿಂಗಳು ಹೊರಗಿರುವ ವಿಜಯಪುರದ ತಾಂಡಾಗಳ ಜನರನ್ನು ಮಾತ್ರ ಈ ಪಟ್ಟಿಗಳೂ ಹಿಡಿಯಲಾರವು.

ಜಿಲ್ಲೆ, ತಾಲೂಕುಗಳು ಒಡೆದಾಗ ಹಳೆಯ ಅಂಕಿಗಳನ್ನು ಏನು ಮಾಡುವುದು?

ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ 1991ರ ಬಿಜಾಪುರವನ್ನೂ 2011ರ ಬಿಜಾಪುರವನ್ನೂ ಪಕ್ಕಪಕ್ಕ ಇಡುವಂತಿಲ್ಲ. ಎರಡೂ ಜಿಲ್ಲೆಗಳನ್ನು ಕೂಡಿಸಿ ನೋಡಬೇಕು. 2014ರ ನವೆಂಬರ್‌ನಲ್ಲಿ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹೆಸರಿನ ಕಾಗುಣಿತ ಬದಲಾದರೆ ಗಣಕಯಂತ್ರ ಅದನ್ನು ಬೇರೆ ಜಿಲ್ಲೆಯೆಂದೇ ತಿಳಿಯುತ್ತದೆ. ಮೂಡಲಗಿ, ಇಳಕಲ್, ತಾಳಿಕೋಟೆಯಂಥ ಹೊಸ ತಾಲೂಕುಗಳದ್ದೂ ಇದೇ ಪಾಡು. ಗ್ರಾಮ ಮಟ್ಟದ ಅಂಕಿ ಇಟ್ಟುಕೊಂಡರೆ ಯಾವ ಗಡಿಗಾದರೂ ಮತ್ತೆ ಜೋಡಿಸಬಹುದು.

ಛೇದದ, ಅಂದರೆ ಭಾಗಾಕಾರದಲ್ಲಿ ಕೆಳಗೆ ಬರುವ ಜನಸಂಖ್ಯೆಯ ಸಮಸ್ಯೆಯೂ ಉಂಟು. 2021ರಲ್ಲಿ ಜನಗಣತಿ ನಡೆಯಲಿಲ್ಲ; ಮುಂದಿನದು 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಎಲ್ಲ ದರಗಳೂ 2011ರಿಂದ ಮುಂದಕ್ಕೆ ಎಳೆದ ಅಂದಾಜಿನ ಮೇಲೆ ನಿಂತಿರುತ್ತವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತದೊತ್ತಡ ಒಂದೇ ಸಲಕ್ಕೆ ಜಿಗಿದಂತೆ ಕಾಣುತ್ತದೆ. ಐದು ವರ್ಷದಲ್ಲಿ ಅಷ್ಟು ಹೆಚ್ಚಿತೇ?

ಹೆಚ್ಚಿರಬಹುದು, ಆದರೆ ಆ ಸಮೀಕ್ಷೆಯ ಎರಡು ಸುತ್ತುಗಳ ಕರಪತ್ರಗಳನ್ನು ಪಕ್ಕಪಕ್ಕ ಇಟ್ಟು ಹಾಗೆ ಹೇಳುವಂತಿಲ್ಲ. 2015–16ರ ನಾಲ್ಕನೇ ಸುತ್ತಿನ ಜಿಲ್ಲಾ ಕರಪತ್ರದಲ್ಲಿ ಇದ್ದದ್ದು 15ರಿಂದ 49 ವರ್ಷದವರ ಅಂಕಿ. 2019–21ರ ಐದನೇ ಸುತ್ತಿನಲ್ಲಿ ಅದು 15 ವರ್ಷ ಮೇಲ್ಪಟ್ಟ ಎಲ್ಲರದ್ದೂ ಆಯಿತು, ಅಂದರೆ ಅಜ್ಜ ಅಜ್ಜಿಯರೂ ಸೇರಿದರು. ಜತೆಗೆ ಐದನೇ ಸುತ್ತಿನಲ್ಲಿ, ಅಳತೆ ಸರಿಯಾಗಿದ್ದರೂ ಒತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿರುವವರನ್ನೂ ಎಣಿಸಿದರು. ಗುಳಿಗೆ ನುಂಗುವವರನ್ನು ಸೇರಿಸುವುದು ನ್ಯಾಯವೇ. ಆದರೆ ಅಳತೆಗೋಲು ಬದಲಾದ ಮೇಲೆ ಎರಡು ಅಳತೆಗಳ ನಡುವಿನ ವ್ಯತ್ಯಾಸ ರೋಗದ್ದೋ ಗೋಲಿನದೋ ತಿಳಿಯುವುದಿಲ್ಲ. ಮೂಲ ದತ್ತಾಂಶ ಸಂಶೋಧಕರಿಗೆ ಸಿಗುತ್ತದೆ. ಎರಡೂ ಸುತ್ತುಗಳಿಂದ ಒಂದೇ ವಯೋಮಾನ, ಒಂದೇ ವ್ಯಾಖ್ಯೆ ಹಿಡಿದು ಹೊಸದಾಗಿ ಲೆಕ್ಕ ಹಾಕಿದರೆ ಮಾತ್ರ ಹೋಲಿಕೆ ನಿಲ್ಲುತ್ತದೆ.

ಒಂದೇ ದೇಶದ ಎರಡು ಅಂಕಿಗಳು ಬೇರೆಯಾಗುವುದೂ ಹೀಗೆಯೇ. ಐದನೇ ಸುತ್ತಿನ ಪ್ರಕಾರ ಭಾರತದಲ್ಲಿ ಹೆಂಗಸರಲ್ಲಿ ಶೇ. 21.3, ಗಂಡಸರಲ್ಲಿ ಶೇ. 24 ಮಂದಿಗೆ ಒತ್ತಡ ಹೆಚ್ಚಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂಕಿ ಶೇ. 35.5. ಇಂಡಿಯಾಬ್ 20 ವರ್ಷ ಮೇಲ್ಪಟ್ಟವರನ್ನು ಮಾತ್ರ ನೋಡಿತು, ಮಾದರಿಯನ್ನು ಆರಿಸಿದ ಬಗೆಯೂ ಬೇರೆ. ಒಂದು ಸಮೀಕ್ಷೆಯ ಹಳೆಯ ಅಂಕಿಯ ಪಕ್ಕ ಇನ್ನೊಂದರ ಹೊಸ ಅಂಕಿ ಇಟ್ಟು ಗೆರೆ ಎಳೆದರೆ ಏರಿಕೆ ಖಂಡಿತ ಕಾಣುತ್ತದೆ. ಅದು ಗೆರೆ ಎಳೆದವರು ಮಾಡಿದ ಏರಿಕೆ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಿಪಿ ನೋಡಲು ಶುರುಮಾಡಿದ ಮೇಲೆ ರೋಗಿಗಳ ಸಂಖ್ಯೆ ಏರಿದೆ. ಇದು ಕೆಟ್ಟ ಸುದ್ದಿಯೇ?

ಅಲ್ಲ. ರಾಜ್ಯದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಂಥ ತಪಾಸಣೆಗಳು ಇದ್ದ ರೋಗವನ್ನು ಬೆಳಕಿಗೆ ತರುತ್ತವೆ. ಪತ್ತೆಯಾದವರ ಸಂಖ್ಯೆ ಕೆಲಸದ ಅಳತೆ, ರೋಗದ ಅಳತೆಯಲ್ಲ. ಕೇಳಬೇಕಾದದ್ದು, ಪತ್ತೆಯಾದವರಲ್ಲಿ ಒತ್ತಡ 140/90ಕ್ಕಿಂತ ಕೆಳಗೆ ಬಂದವರೆಷ್ಟು ಎಂದು. ಇನ್ನು ವಹಿಯಲ್ಲಿ ಪುಟ ತುಂಬ 120/80, 130/80, 140/90 ಎಂದೇ ಇದ್ದರೆ ಯಂತ್ರ ಅಳೆದಿಲ್ಲ, ಕೈ ಬರೆದಿದೆ ಎಂದು ತಿಳಿಯಬೇಕು. ನಿಜವಾದ ಅಳತೆಗಳಲ್ಲಿ 127/83 ಕೂಡ ಇರುತ್ತದೆ. ಐದು ನಿಮಿಷ ಕೂರಿಸಿ, ಮೂರು ಸಲ ನೋಡಿ, ಕೊನೆಯ ಎರಡರ ಸರಾಸರಿ ಹಿಡಿಯುವುದು ಸಮೀಕ್ಷೆಗಳ ರೂಢಿ.

ನಮ್ಮ ತಾಲೂಕಿನಲ್ಲಿ ಹೋದ ವರ್ಷ 20 ಸಾವು, ಈ ವರ್ಷ 29. ಶೇ. 45 ಏರಿಕೆಯಲ್ಲವೇ?

ಅಂಕಗಣಿತದಲ್ಲಿ ಹೌದು. ಆದರೆ ಏನೂ ಬದಲಾಗದಿದ್ದರೂ, ವರ್ಷಕ್ಕೆ ಸರಾಸರಿ 20 ಸಾವು ಆಗುವ ಕಡೆ ಒಂದು ವರ್ಷ 12, ಮತ್ತೊಂದು ವರ್ಷ 28 ಆಗುವುದು ಬರೀ ಆಕಸ್ಮಿಕದಿಂದಲೂ ಸಾಧ್ಯ. 29 ಆ ಅಂಚಿನಲ್ಲೇ ಇದೆ. ಚಿಕ್ಕ ತಾಲೂಕುಗಳಿಗೆ ಮೂರು ಅಥವಾ ಐದು ವರ್ಷಗಳ ಸರಾಸರಿಯನ್ನೇ ಹೋಲಿಸಬೇಕು.

ತಂಬಾಕಿನ ವಿಷಯದಲ್ಲಿ ಏನಾದರೂ ಬದಲಾವಣೆ ಕಂಡಿದೆಯೇ?

ಕಂಡಿದೆ, ಮತ್ತು ಅದು ನಂಬಬಹುದಾದ ಹೋಲಿಕೆ. ವಯಸ್ಕರ ತಂಬಾಕು ಸಮೀಕ್ಷೆಯ ಎರಡು ಸುತ್ತುಗಳು ಒಂದೇ ವ್ಯಾಖ್ಯೆ ಬಳಸಿದವು: ಕರ್ನಾಟಕದಲ್ಲಿ 2009–10ರಲ್ಲಿ ಶೇ. 28.2 ಇದ್ದ ಬಳಕೆ 2016–17ರಲ್ಲಿ ಶೇ. 22.8ಕ್ಕೆ ಇಳಿಯಿತು. ಅದು ಇಡೀ ರಾಜ್ಯದ ಅಂಕಿ. ನಿಪ್ಪಾಣಿಯ ತಂಬಾಕು ಸೀಮೆಗೂ, ಮಾವಾ ಮೆಲ್ಲುವ ಬಸ್ ನಿಲ್ದಾಣಗಳಿಗೂ ಅದನ್ನು ಹಾಗೆಯೇ ಹೊಂದಿಸುವಂತಿಲ್ಲ. ಪ್ರಶ್ನೆ ಕೇಳುವಾಗ 'ತಂಬಾಕು ಸೇವಿಸುತ್ತೀರಾ' ಎಂದರೆ ಹೆಂಗಸರು ಇಲ್ಲ ಎನ್ನುತ್ತಾರೆ. 'ಎಲಿ ಅಡಿಕಿ ಜತಿ ಏನ್ ಹಾಕ್ಕೋತೀರಿ' ಎಂದರೆ ಸಂಚಿ ಬಿಚ್ಚಿ ತೋರಿಸುತ್ತಾರೆ.

ತಾಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತದ ಚುಚ್ಚುಮದ್ದು ಸಿಗತೊಡಗಿದರೆ ಅಂಕಿಗಳು ಹೇಗೆ ಬದಲಾಗುತ್ತವೆ?

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡಿದೆ. ಇದರಿಂದ ದಾಖಲಾಗುವ ಹೃದಯಾಘಾತಗಳ ಸಂಖ್ಯೆ ಮೊದಲು ಏರುತ್ತದೆ, ಏಕೆಂದರೆ ಹಿಂದೆ ಗ್ಯಾಸ್ ಎಂದು ಮನೆಗೆ ಮರಳುತ್ತಿದ್ದವರು ಈಗ ಪಟ್ಟಿಗೆ ಬರುತ್ತಾರೆ. ಆಸ್ಪತ್ರೆಯೊಳಗಿನ ಸಾವು ಕೂಡ ಕೆಲಕಾಲ ಏರಬಹುದು: ದಾರಿಯಲ್ಲೇ ಹೋಗಿಬಿಡುತ್ತಿದ್ದ ತೀರ ಗಂಭೀರ ರೋಗಿಗಳು ಈಗ ಬಾಗಿಲವರೆಗಾದರೂ ತಲುಪುತ್ತಾರೆ. ಈ ಏರಿಕೆಯನ್ನು ನೋಡಿ ಸಿಬ್ಬಂದಿಯನ್ನು ಬೈಯುವುದು ಅನ್ಯಾಯ. ಮನೆ, ದಾರಿ, ಆಸ್ಪತ್ರೆ ಮೂರೂ ಕಡೆಯ ಸಾವುಗಳನ್ನು ಕೂಡಿಸಿದಾಗಲೇ ನಿಜ ಕಾಣುವುದು. ಹೃದಯದ ಸ್ನಾಯುವಿಗಾದ ಸಣ್ಣ ಹಾನಿಯನ್ನೂ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬಂದು 2000ದಲ್ಲಿ ಹೃದಯಾಘಾತದ ವ್ಯಾಖ್ಯೆಯೇ ಬದಲಾದಾಗ ಜಗತ್ತಿನಾದ್ಯಂತ ಇಂಥದೇ ಗೊಂದಲವಾಗಿತ್ತು; ಚಿಕ್ಕ ಆಘಾತಗಳೂ ಲೆಕ್ಕಕ್ಕೆ ಸೇರಿ ಸಂಖ್ಯೆ ಏರಿತು, ಬದುಕುಳಿದವರ ಪಾಲೂ ಏರಿತು.

ಒಂದು ತಾಲೂಕಿನ ಮಟ್ಟದಲ್ಲಿ ನಾವೇ ಲೆಕ್ಕ ಇಡಲು ಸಾಧ್ಯವೇ? ಏನೇನು ಬರೆದಿಡಬೇಕು?

ಸಾಧ್ಯ. ದೊಡ್ಡ ತಂತ್ರಾಂಶವೇನೂ ಬೇಕಿಲ್ಲ. ವಯಸ್ಸು, ಗಂಡೋ ಹೆಣ್ಣೋ, ವಾಸದ ಊರು (ಸಿಕ್ಕ ಊರಲ್ಲ, ಆಸ್ಪತ್ರೆಯ ಊರಲ್ಲ), ಎದೆನೋವು ಶುರುವಾದ ದಿನ ಮತ್ತು ಗಂಟೆ, ಮೊದಲ ಇಸಿಜಿ ತೆಗೆದ ಸ್ಥಳ ಮತ್ತು ಗಂಟೆ, ಎಲ್ಲಿಗೆ ಕಳಿಸಿದರು, 28ನೇ ದಿನ ರೋಗಿ ಹೇಗಿದ್ದಾರೆ. ಮನೆಯಲ್ಲಾದ ಸಾವುಗಳಿಗೆ ಪಂಚಾಯಿತಿಯ ನೋಂದಣಿಯನ್ನು ತಿಂಗಳಿಗೊಮ್ಮೆ ನೋಡಿ, ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ಬರಬೇಕು. ಅದು ದಿನಕರ್ಮಗಳು ಮುಗಿದ ಮೇಲೆಯೇ ಆಗಲಿ. ಹೆಸರುಗಳಿರುವ ವಹಿ ಬೀಗದಲ್ಲಿರಬೇಕು, ಹೊರಗೆ ಹೋಗುವುದು ಸಂಖ್ಯೆ ಮಾತ್ರ.

ಇದರಲ್ಲಿ ಎಲ್ಲರೂ ಕೈಬಿಡುವುದು 28ನೇ ದಿನದ ಫೋನು. ಕರೆ ತೆಗೆಯದಿದ್ದರೆ ಮರುದಿನ ಮಾಡಬೇಕು, ಆಮೇಲೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಆಗಲೂ ಸಿಗದಿದ್ದರೆ ಆ ಕಾಲಂನಲ್ಲಿ 'ತಿಳಿಯಲಿಲ್ಲ' ಎಂದು ಬರೆಯಬೇಕು. 'ಬದುಕಿದ್ದಾರೆ' ಎಂದು ಬರೆಯಬಾರದು.